16 ಅಡಿ ಅಲ್ಯೂಮಿನಿಯಂ ದೋಣಿ: ರಿವೆಟ್‌ನದ್ದಾ, ವೆಲ್ಡ್‌ನದ್ದಾ? ಮೇ ಒಳಗೆ ತೀರ್ಮಾನ ಆಗಬೇಕು

ತುಂಗಾತೀರ | ಏಪ್ರಿಲ್ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಿನೆಸೋಟಾಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಇಷ್ಟು ದಿನ ದಡದಲ್ಲಿ ನಿಂತು, ಇಲ್ಲಾ ಸ್ನೇಹಿತರ ದೋಣಿಯಲ್ಲಿ ಕೂತು ಗಾಳ ಹಾಕಿದ್ದೇನೆ. ಈ ವರ್ಷ ಸ್ವಂತದ್ದೊಂದು ತಗೊಳ್ಳೋಣ ಅಂತ ಮನೆಯಲ್ಲಿ ಒಪ್ಪಿದ್ದಾರೆ. ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಬರ್ತಿದ್ದಾರೆ. 74 ವರ್ಷ. ನನಗೆ ಗಾಳಕ್ಕೆ ಎರೆಹುಳ ಚುಚ್ಚೋದು ಹೇಳಿಕೊಟ್ಟವರು, ಮೊದಲ ಮಳೆಗೆ ರಾತ್ರಿ ಗ್ಯಾಸ್‌ಲೈಟ್ ಹಿಡಿದು ಹತ್ತುಮೀನಿಗೆ ಕರಕೊಂಡು ಹೋದವರು ಅವರೇ. ಅವರನ್ನು ಒಂದು ಸಲ ಇಲ್ಲಿನ ನೀರಿನ ಮೇಲೆ ಕೂರಿಸಬೇಕು ಅನ್ನೋದೇ ಈ ಅವಸರಕ್ಕೆ ಕಾರಣ.

ಎರಡು ದೋಣಿ ನೋಡಿಟ್ಟಿದ್ದೇನೆ. ಎರಡೂ 16 ಅಡಿ, ಎರಡೂ ಅಲ್ಯೂಮಿನಿಯಂ, ಎರಡೂ ಹಳೇವು, ಮಾಲೀಕರಿಂದ ನೇರ ಖರೀದಿ. ಕಂಪನಿ ಹೆಸರು ಹೇಳೋದಿಲ್ಲ, ಹೇಳಿದರೆ ಮಾತೆಲ್ಲಾ ಅದರ ಸುತ್ತಲೇ ತಿರುಗುತ್ತೆ.

ಮೊದಲನೇದು 2009ರದ್ದು, ರಿವೆಟ್ (ಎರಡೂ ಕಡೆ ತಲೆಯಿರೋ ಗುಂಡುಮೊಳೆ) ಹೊಡೆದು ತಗಡು ಜೋಡಿಸಿದ ಮೈ, ಅಗಲ 73 ಇಂಚು. 40 ಎಚ್‌ಪಿ ಫೋರ್‌ಸ್ಟ್ರೋಕ್ ಮೋಟರು, ಟಿಲ್ಲರ್. ಹಿಂದೆ ಕೂತು ಮೋಟರಿನ ಹಿಡಿ ಹಿಡಿದೇ ದೋಣಿ ತಿರುಗಿಸೋದು. 8,900 ಡಾಲರ್.

ಎರಡನೇದು 2011ರದ್ದು, ವೆಲ್ಡ್ ಮಾಡಿದ ಮೈ, ಅಗಲ 77 ಇಂಚು. 50 ಎಚ್‌ಪಿ, ಪಕ್ಕದಲ್ಲಿ ಸ್ಟಿಯರಿಂಗ್ ಇರೋ ಕನ್ಸೋಲು, 12 ಗ್ಯಾಲನ್ ಟ್ಯಾಂಕು ಒಳಗೇ ಇದೆ. 9,900 ಡಾಲರ್.

ಹೆಚ್ಚಾಗಿ ಮಿನೆಟೊಂಕಾ, ವಕೋನಿಯಾ ಕೆರೆಗಳು. ಬೇಸಿಗೆಯಲ್ಲಿ ಎರಡು ಸಲವಾದರೂ ಮಿಲ್ ಲ್ಯಾಕ್ಸ್ ಕೆರೆಗೆ ವಾಲ್‌ಐ ಮೀನು ಹಿಡಿಯೋಕೆ. ಕೂರೋರು ನಾನು, ಹೆಂಡತಿ, 11 ಮತ್ತು 7 ವರ್ಷದ ಮಕ್ಕಳು, ಜೂನ್, ಜುಲೈನಲ್ಲಿ ಅಪ್ಪ. ನೀವಾದರೆ ಯಾವುದು ತಗೊಳ್ತಿದ್ರಿ?

ಧಾರವಾಡದಾಂವ | ಏಪ್ರಿಲ್ 6, ರಾತ್ರಿ 10:05

ವೆಲ್ಡ್ ತಗೋರಿ. ರಿವೆಟ್ ಅಂದ್ರ ಇವತ್ತಿಲ್ಲಾ ನಾಳೆ ಸೋರತಾವ. ಸಾವಿರ ಡಾಲರ್ ಹೆಚ್ಚಿಗಿ ಹೋದ್ರೂ ಚಿಂತಿ ಇಲ್ಲ. ನಾಲ್ಕ ಇಂಚ್ ಅಗಲ ಅಂದ್ರ ಸಣ್ಣ ಮಾತಲ್ಲ.

ಮ್ಯಾಡಿಸನ್_ಮಂಡ್ಯ | ಏಪ್ರಿಲ್ 6, ರಾತ್ರಿ 11:20

ನಾನು ಒಪ್ಪಲ್ಲ. ನಮ್ಮದು ರಿವೆಟ್‌ನದ್ದೇ, 1990ರ ದಶಕದ್ದು, ಇವತ್ತಿಗೂ ವಿಸ್ಕಾನ್ಸಿನ್ ನದೀಲಿ ಓಡ್ತಾ ಇದೆ. ಅಲೆ ಹೊಡೆದಾಗ ರಿವೆಟ್ ಮೈ ಒಂಚೂರು ಬಳುಕುತ್ತೆ, ಏಟನ್ನ ಹಂಚಿಕೊಳ್ಳುತ್ತೆ. ವೆಲ್ಡ್ ಬಳುಕೋದು ಕಮ್ಮಿ, ಅದಕ್ಕೇ ಸೀಳೋದು. ರಿವೆಟ್ ಸೋರಿದ್ರೆ ಒಂದೊಂದು ಹನಿ, ದಡಕ್ಕೆ ಬಂದು ಬಡಿದು ಬಿಗಿ ಮಾಡ್ಕೋಬಹುದು. ವೆಲ್ಡ್ ಸೀಳಿದ್ರೆ ಅಂಗಡಿ ಹುಡುಕ್ಕೊಂಡು ಹೋಗ್ಬೇಕು.

ರೋಚೆಸ್ಟರ್_ವೆಲ್ಡರ್ | ಏಪ್ರಿಲ್ 7, ಬೆಳಿಗ್ಗೆ 6:15

ನಾನು ಹೊಟ್ಟೆಪಾಡಿಗೆ ಅಲ್ಯೂಮಿನಿಯಂ ಬೆಸುಗೆ ಹಾಕೋನು, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಇಂಥ ದೋಣಿಗಳ ತಗಡು ಸಾಮಾನ್ಯವಾಗಿ 5052 ಮಿಶ್ರಲೋಹ. ಮೆಗ್ನೀಸಿಯಂ ಸೇರಿರೋದರಿಂದ ನೀರಿಗೆ ಚೆನ್ನಾಗಿ ತಾಳಿಕೊಳ್ಳುತ್ತೆ. ಇದರ ಗಡಸುತನ ಬರೋದು ತಣ್ಣಗಿರುವಾಗ ರೋಲರ್ ಕೆಳಗೆ ಒತ್ತಿ ತೆಳ್ಳಗೆ ಮಾಡೋದರಿಂದ. ಬೆಸುಗೆಯ ಬಿಸಿ ತಾಗಿದ ಕೂಡಲೇ ಆ ಗೆರೆಯ ಅಕ್ಕಪಕ್ಕ ಲೋಹ ಮತ್ತೆ ಮೆತ್ತಗಾಗುತ್ತೆ. ಒಳ್ಳೆ ಕಾರ್ಖಾನೆಯವರು ಇದು ಗೊತ್ತಿದ್ದೇ ತಗಡು ದಪ್ಪ ಇಟ್ಟು, ಬೆಸುಗೆ ಬೀಳೋ ಜಾಗ ನೋಡಿ ವಿನ್ಯಾಸ ಮಾಡ್ತಾರೆ. ಆದ್ದರಿಂದ ವೆಲ್ಡ್ ಅಂದ ಮಾತ್ರಕ್ಕೆ ಸೀಳುತ್ತೆ ಅನ್ನೋದು ತಪ್ಪು. ಸೀಳಿದರೆ ಮಾತ್ರ ಬೆಸುಗೆಯ ಮೇಲಲ್ಲ, ಅದರ ಅಂಚಿನಲ್ಲಿ, ಒಳಗಿನ ಪಕ್ಕೆಲುಬು ತಳಕ್ಕೆ ಕೂಡೋ ಕಡೆ ಕೂದಲೆಳೆಯಷ್ಟು ಗೆರೆ ಬರುತ್ತೆ. ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ, ನೆರಳಿನಲ್ಲಿ ಗೆರೆ ಎದ್ದು ಕಾಣುತ್ತೆ.

ಸಡಿಲಾದ ರಿವೆಟ್ ಬಿಗಿಮಾಡೋಕೆ ಇಬ್ಬರು ಬೇಕು. ಹೊರಗಿಂದ ಒಬ್ಬ ಬಡೀಬೇಕು, ಒಳಗೆ ಇನ್ನೊಬ್ಬ ಭಾರದ ಕಬ್ಬಿಣ ಒತ್ತಿ ಹಿಡಿದಿರಬೇಕು. ನೆಲದ ಹಲಗೆ ಕೂತಿರೋ ಕಡೆ ಸಡಿಲಾಗಿದ್ದರೆ ಹಲಗೆ ಎಬ್ಬಿಸಲೇಬೇಕು. ಅಂದರೆ ಸುಲಭ ಅನ್ನೋದೂ ಪೂರ್ತಿ ನಿಜ ಅಲ್ಲ. ಎರಡೂ ಮಾದರಿಯವು ಮೂವತ್ತು ವರ್ಷ ಬಾಳಿದ್ದು ನೋಡಿದ್ದೀನಿ, ಎರಡೂ ಹತ್ತು ವರ್ಷಕ್ಕೆ ಕೆಟ್ಟದ್ದೂ ನೋಡಿದ್ದೀನಿ.

ಒಟ್ಟರ್‌ಟೇಲ್_ಕನ್ನಡಿಗ | ಏಪ್ರಿಲ್ 7, ಬೆಳಿಗ್ಗೆ 8:30

ತುಂಗಾತೀರ ಅವರೇ, ನಾನು 24 ವರ್ಷದಿಂದ ಒಟ್ಟರ್ ಟೇಲ್ ಕೌಂಟಿಯಲ್ಲಿದ್ದೇನೆ. ಇದೊಂದೇ ಕೌಂಟಿಯಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ನ್ಯೂಯಾರ್ಕ್ ಮಿಲ್ಸ್ ಅನ್ನೋ ಸಣ್ಣ ಊರು ಇಲ್ಲೇ ಇದೆ. ಲುಂಡ್ ದೋಣಿ 1948ರಲ್ಲಿ ಶುರುವಾದದ್ದು ಅಲ್ಲಿ. ಕ್ರೆಸ್ಟ್‌ಲೈನರ್ 1946ರಲ್ಲಿ ಲಿಟಲ್ ಫಾಲ್ಸ್‌ನಲ್ಲಿ ಶುರುವಾಗಿ, 2010ರ ಸುಮಾರಿಗೆ ಅದೂ ಇದೇ ಊರಿಗೆ ಬಂತು. 2004ರಿಂದ ಎರಡಕ್ಕೂ ಒಡೆಯರು ಬ್ರನ್ಸ್‌ವಿಕ್ ಕಂಪನಿಯವರೇ. ಒಂದು ರಿವೆಟ್‌ಗೆ ಹೆಸರಾದದ್ದು, ಇನ್ನೊಂದು ವೆಲ್ಡ್‌ಗೆ. ಒಂದೇ ಒಡೆತನದಲ್ಲಿ, ಒಂದೇ ಊರಲ್ಲಿ ಎರಡೂ ವಿಧಾನ ನಡೀತಿವೆ ಅಂದರೆ ನೀವೇ ಯೋಚಿಸಿ.

ಹೊಸ ದೋಣಿಯಾಗಿದ್ದರೆ ಈ ಚರ್ಚೆಗೆ ಬೆಲೆ ಇತ್ತು. ಹದಿನೈದು ವರ್ಷ ಹಳೇ ದೋಣಿಗೆ ಹೇಗೆ ಕಟ್ಟಿದರು ಅನ್ನೋದಕ್ಕಿಂತ ಹೇಗೆ ಬಾಳಿಸಿದರು ಅನ್ನೋದು ದೊಡ್ಡದು. ಈ ಎರಡರಲ್ಲಿ ಯಾವುದು ಚಳಿಗಾಲದಲ್ಲಿ ಸೂರಿನಡಿ ಇತ್ತು? ಯಾವುದು ಹೊರಗೆ ಹಿಮದಡಿ ಬಿದ್ದಿತ್ತು?

ನೋಡೋಕೆ ಹೋದಾಗ ಮೊದಲು ಹಿಂದಿನ ಹಲಗೆ, ಟ್ರಾನ್ಸಮ್. ಹೊರಗೆ ಅಲ್ಯೂಮಿನಿಯಂ ಕಂಡರೂ ಹಳೇ ದೋಣಿಗಳಲ್ಲಿ ಒಳಗೆ ಪ್ಲೈವುಡ್ ಇರುತ್ತೆ. ಮೋಟರು ಎತ್ತಿ ನಿಲ್ಲಿಸಿ, ಅದರ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಟ್ರಾನ್ಸಮ್ ಬಳುಕಿದರೆ ಮರ ಕೊಳೆತಿದೆ, ನಮಸ್ಕಾರ ಹೇಳಿ ಹೊರಡಿ. ಆಮೇಲೆ ಟ್ರೇಲರ್ ಕೆಳಗೆ ಮಲಗಿ, ದೋಣಿ ಕೂರೋ ಮರದ ಹಳಿಗಳ ಪಕ್ಕ ನೋಡಿ. ತಾಮ್ರ ಸೇರಿದ ಔಷಧ ಹಾಕಿದ ಮರವನ್ನು ಹಳಿಗೆ ಬಳಸಿದ್ದರೆ, ಅದು ಒದ್ದೆಯಾಗಿ ಅಲ್ಯೂಮಿನಿಯಂಗೆ ಒತ್ತಿಕೊಂಡೇ ಇದ್ದರೆ ಲೋಹ ಸಣ್ಣ ಸಣ್ಣ ಗುಂಡಿ ಬೀಳುತ್ತಾ ತಿಂದುಹೋಗುತ್ತೆ. ನನ್ನ ಮೊದಲ ದೋಣಿಯನ್ನು ಕಳಕೊಂಡದ್ದು ಹಾಗೇ. ಐದು ವರ್ಷ ಗಮನಿಸಿರಲಿಲ್ಲ.

ಮೋಟರಿನ ಕೆಳಗಿನ ಗೇರ್ ಎಣ್ಣೆ ಒಂದು ಚಮಚದಷ್ಟು ಇಳಿಸಿ ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ. ನಮ್ಮ ಚಳಿಗೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಗೇರ್ ಪೆಟ್ಟಿಗೆಯನ್ನೇ ಒಡೆಯುತ್ತೆ.

ಕೊನೇದಾಗಿ, ಎರಡನ್ನೂ ತೂಕ ಹಾಕಿಸಿ. ಯಾಕೆ ಅಂತ ಹಾಕಿಸಿದ ಮೇಲೆ ಹೇಳ್ತೀನಿ.

ಬೈಂದೂರು_ಬಲೆ | ಏಪ್ರಿಲ್ 7, ಮಧ್ಯಾಹ್ನ 1:10

ಒಂಟಾರಿಯೊದಿಂದ. ನಮ್ಮದು ಕಡಲಿಗೆ ಹೋಗುವ ಮನೆ, ಅಪ್ಪಯ್ಯ ನಾಡದೋಣಿಯಲ್ಲಿ ಬಲೆ ಬಿಡುತ್ತಿದ್ದರು. ಊರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. 10 ಎಚ್‌ಪಿ ಒಳಗಿನ ನಾಡದೋಣಿ ಹೋಗಬಹುದು, ಕಡಲು ಬಿಟ್ಟರೆ. ಆ ಮಳೆಗಾಲದಲ್ಲಿ ಕಲಿತದ್ದು ಒಂದು ಇಲ್ಲಿಯೂ ಉಪಯೋಗಕ್ಕೆ ಬಂತು, ಅದನ್ನು ಹೇಳ್ತೆ.

ಅಲೆ ಎಷ್ಟು ಎತ್ತರ ಅಂತ ಎಲ್ಲರೂ ಕೇಳ್ತಾರೆ. ಕೇಳಬೇಕಾದ್ದು ಒಂದು ಅಲೆಗೂ ಇನ್ನೊಂದು ಅಲೆಗೂ ನಡುವೆ ಎಷ್ಟು ಜಾಗ ಅಂತ. ಕಡಲಲ್ಲಿ ಉದ್ದದ ಅಲೆ ಬಂದರೆ ದೋಣಿ ಏರ್ತದೆ, ಇಳಿತದೆ. ಮಿಲ್ ಲ್ಯಾಕ್ಸ್ 1,32,000 ಎಕರೆ, ನಮ್ಮ ಲಿಂಗನಮಕ್ಕಿಗಿಂತ ದೊಡ್ಡದು, ಆದರೆ ಅತಿ ಆಳ ಅಂದರೆ 42 ಅಡಿ ಮಾತ್ರ. ಅಷ್ಟಗಲದ ತಟ್ಟೆಯಂಥ ನೀರಿನ ಮೇಲೆ ಗಾಳಿ ಬೀಸಿದರೆ ಅಲೆ ಗಿಡ್ಡ, ಕಡಿದು, ಒಂದರ ಬೆನ್ನಿಗೆ ಒಂದು. ಮೂಗು ಒಂದನ್ನು ಹತ್ತುವುದರೊಳಗೆ ಹಿಂದಿನದು ಟ್ರಾನ್ಸಮ್‌ಗೆ ಬಡಿತದೆ. ಮಕ್ಕಳು, ಹಿರಿಯರು ಇದ್ದಾರೆ ಅಂತೀರಿ. ಆ ನೀರಿಗೆ ಎರಡೂ ದೋಣಿ ಸಣ್ಣವೇ. ಅಗಲ ನಾಲ್ಕು ಇಂಚು ಹೆಚ್ಚಿದ್ದರೆ ನಿಂತಾಗ ಹೊಯ್ದಾಟ ಕಮ್ಮಿ ಆಗ್ತದೆ, ಅಷ್ಟೇ. ಒಳಗಿನ ಆಳ ಅಳೆದು ಹೇಳಿ, ಅದು ಅಗಲಕ್ಕಿಂತ ಮುಖ್ಯ.

ಹೇಮಾವತಿ_ಮಗಳು | ಏಪ್ರಿಲ್ 7, ಸಂಜೆ 7:45

ಇಷ್ಟೆಲ್ಲಾ ಓದಿದೆ. ಅಪ್ಪ ದೋಣಿಯೊಳಗೆ ಇಳಿಯೋದು ಹೇಗೆ ಅಂತ ಯಾರೂ ಕೇಳಲಿಲ್ಲ.

ಮೂರು ವರ್ಷದ ಹಿಂದೆ ನನ್ನ ಮಾವನವರು ಕಟ್ಟೆಯಿಂದ ದೋಣಿಯ ಮುಂದಿನ ಎತ್ತರದ ಹಲಗೆ ಮೇಲೆ ಕಾಲಿಟ್ಟರು. ದೋಣಿ ಆಚೆ ಸರಿಯಿತು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ಬೀಳಲಿಲ್ಲ, ನಾವು ಹಿಡಿದೆವು, ಆದರೆ ಆಮೇಲೆ ಅವರು ದೋಣಿ ಹತ್ತಲೇ ಇಲ್ಲ. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತೆ.

ಹಿರಿಯರು ಕಟ್ಟೆ ಅಂಚಿನಲ್ಲಿ ಮೊದಲು ಕೂರಬೇಕು. ಕೂತು ಎರಡೂ ಕಾಲನ್ನು ದೋಣಿಯ ಮಧ್ಯಭಾಗದಲ್ಲಿ, ನೆಲಕ್ಕೇ ಇಳಿಸಬೇಕು. ಅದಕ್ಕೆ ಮಧ್ಯದಲ್ಲಿ ಖಾಲಿ ನೆಲ ಬೇಕು. ಕನ್ಸೋಲು ಇರೋ ಜಾಗದಲ್ಲಿ ಓಡಾಡೋ ದಾರಿ ಕಿರಿದು. ಅಪ್ಪನ ಮಂಡಿ ಹೇಗಿದೆ?

7 ವರ್ಷದ ಮಗುವಿಗೆ ಲೈಫ್ ಜಾಕೆಟ್ ತೊಡಿಸೋದು ಮಿನೆಸೋಟಾದಲ್ಲಿ ಕಾನೂನು, 10 ವರ್ಷದ ಒಳಗಿನವರೆಲ್ಲಾ ಹಾಕಲೇಬೇಕು. ಗಾಳಿ ತುಂಬಿಕೊಳ್ಳೋ ತೆಳ್ಳನೆ ಜಾಕೆಟ್ 16ರ ಕೆಳಗಿನವರಿಗೆ ಅಲ್ಲ, ಫೋಮಿನದ್ದೇ ತನ್ನಿ. ಮಕ್ಕಳಿಗೆ ಮೀನಿನ ಲೈಸೆನ್ಸ್ ಬೇಡ. ಅಪ್ಪನಿಗೆ ಹೊರಗಿನವರ ಲೈಸೆನ್ಸ್ ಬೇಕು, 24 ಗಂಟೆಯದ್ದೂ ಸಿಗುತ್ತೆ, 7 ದಿನದ್ದೂ ಸಿಗುತ್ತೆ.

ತುಂಗಾತೀರ | ಏಪ್ರಿಲ್ 7, ರಾತ್ರಿ 10:30

ಹೇಮಾವತಿ_ಮಗಳು ಅವರೇ, ಅಪ್ಪನ ಬಲ ಮಂಡಿ ಸರಿಯಿಲ್ಲ. ಮೆಟ್ಟಿಲು ಇಳಿಯೋವಾಗ ಗೋಡೆ ಹಿಡೀತಾರೆ. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನಿಮಗೆ ಋಣಿ.

ಶನಿವಾರ ಎರಡನ್ನೂ ನೋಡೋಕೆ ಹೋಗ್ತೀನಿ. ಕೆರೆ ಇನ್ನೂ ಮಂಜುಗಡ್ಡೆ, ನೀರಿಗಿಳಿಸಿ ನೋಡೋಕಾಗಲ್ಲ.

ಮ್ಯಾಡಿಸನ್_ಮಂಡ್ಯ | ಏಪ್ರಿಲ್ 8, ಬೆಳಿಗ್ಗೆ 7:00

ಎಳೆಯೋ ಗಾಡಿ ಯಾವುದು ಅಂತ ಹೇಳಲೇ ಇಲ್ಲ?

ತುಂಗಾತೀರ | ಏಪ್ರಿಲ್ 8, ಬೆಳಿಗ್ಗೆ 7:25

ಹೋಂಡಾ ಸಿಆರ್‌-ವಿ. 1,500 ಪೌಂಡ್ ಎಳೆಯಬಹುದು ಅಂತ ಪುಸ್ತಕದಲ್ಲಿದೆ. ದೋಣಿಗಳು 720, 850 ಪೌಂಡ್ ಅಷ್ಟೇ ಅಲ್ವಾ?

ರೋಚೆಸ್ಟರ್_ವೆಲ್ಡರ್ | ಏಪ್ರಿಲ್ 8, ಬೆಳಿಗ್ಗೆ 9:50

ಅದು ಖಾಲಿ ಮೈಯ ತೂಕ. ಕೂಡಿಸಿ ನೋಡೋಣ. ರಿವೆಟ್ ದೋಣಿ 720, ಮೋಟರು ಸುಮಾರು 215, ಟ್ರೇಲರ್ 420 ಇಟ್ಟುಕೊಳ್ಳಿ. ಇಲ್ಲಿಗೇ 1,355. ಆರು ಗ್ಯಾಲನ್ ಪೆಟ್ರೋಲ್ 37 ಪೌಂಡ್, ಎರಡು ಲೆಡ್ ಬ್ಯಾಟರಿ 110. ಲಂಗರು, ಟ್ರೋಲಿಂಗ್ ಮೋಟರು (ನಿಧಾನ ಓಡಿಸೋಕೆ ಬ್ಯಾಟರಿಯ ಸಣ್ಣ ಮೋಟರು), ಜಾಕೆಟ್ಟು, ಗಾಳದ ಸಾಮಾನು ಏನಿಲ್ಲವೆಂದರೂ 120. ಒಟ್ಟು 1,622.

ವೆಲ್ಡ್ ದೋಣಿ 850, ಮೋಟರು 240, ಟ್ರೇಲರ್ 470, ತುಂಬಿದ ಟ್ಯಾಂಕು 73, ಬ್ಯಾಟರಿ, ಸಾಮಾನು ಅಷ್ಟೇ. 1,863.

ಎರಡೂ ನಿಮ್ಮ ಗಾಡಿಯ ಮಿತಿ ದಾಟುತ್ತವೆ. ಅದರ ಮೇಲೆ ಗಾಡಿಯೊಳಗೆ ಐದು ಜನ. ದಯವಿಟ್ಟು ಇದರಲ್ಲಿ ಎಳೆಯಬೇಡಿ. ಎಳೆಯೋದು ಹೇಗೋ ಎಳೆಯುತ್ತೆ. ಇಳಿಜಾರಿನಲ್ಲಿ ನಿಲ್ಲಿಸೋದು ಕಷ್ಟ.

ತುಂಗಾತೀರ | ಏಪ್ರಿಲ್ 8, ಮಧ್ಯಾಹ್ನ 12:15

ಇದನ್ನು ನೋಡಿ ಕೈಕಾಲು ತಣ್ಣಗಾಯ್ತು. ಹೆಂಡತಿಯ ಗಾಡಿ 2022ರ ಟೊಯೊಟಾ ಸಿಯೆನ್ನಾ, ಅದಕ್ಕೆ 3,500 ಪೌಂಡ್ ಇದೆ. ನಾಲ್ಕೂ ಚಕ್ರಕ್ಕೆ ಎಳೆತ ಇರೋದು. ಹಿಂದೆ ಕೊಕ್ಕೆ ಕೂಡಿಸಬೇಕಾಗುತ್ತೆ. ಅವಳ ಜೊತೆ ಮಾತಾಡಿದೆ, ಸರಿ ಅಂದಳು.

ಒಟ್ಟರ್‌ಟೇಲ್_ಕನ್ನಡಿಗ | ಏಪ್ರಿಲ್ 8, ಸಂಜೆ 5:40

ಸಿಯೆನ್ನಾ ಒಳ್ಳೇದಾಯ್ತು. ಮುಂದಿನ ಚಕ್ರ ಮಾತ್ರ ತಿರುಗೋ ಗಾಡಿಗಳು ಪಾಚಿ ಕಟ್ಟಿದ ಇಳಿಜಾರಿನಲ್ಲಿ ದೋಣಿ ಮೇಲೆಳೆಯೋವಾಗ ಜಾರುತ್ತವೆ. ತೂಕವೆಲ್ಲಾ ಹಿಂದಕ್ಕೆ ಬಿದ್ದು ಮುಂದಿನ ಚಕ್ರದ ಹಿಡಿತ ಹೋಗಿರುತ್ತೆ.

ಸೋರಿಕೆ ಪರೀಕ್ಷೆಗೆ ಕೆರೆ ಬೇಡ. ನೀರು ಇಳಿಸೋ ತೂತಿಗೆ ಪ್ಲಗ್ ಹಾಕಿ, ಟ್ರೇಲರ್ ಮೇಲೇ ಇರುವಾಗ ಪೈಪಿನಿಂದ ಹಿಂಭಾಗದಲ್ಲಿ ಮೂರು ಇಂಚು ನಿಲ್ಲುವಷ್ಟು ನೀರು ಬಿಡಿ, ಕೆಳಗೆ ಒಣ ಕಾಗದ ಹಾಸಿ ಅರ್ಧ ಗಂಟೆ ಕಾಯಿರಿ. ಜಾಸ್ತಿ ತುಂಬಿಸಬೇಡಿ, ಗ್ಯಾಲನ್ನಿಗೆ 8 ಪೌಂಡ್‌ಗೂ ಮೇಲೆ, ಟ್ರೇಲರ್ ತಾಳೋದಿಲ್ಲ. ಮಾಲೀಕರು ಒಪ್ಪಿದರೆ ಮಾತ್ರ.

ಟ್ರಾನ್ಸಮ್ ಬಲ ಮೂಲೆಯಲ್ಲಿ ಕೊರೆದ 12 ಅಕ್ಷರದ ನಂಬರನ್ನು ನೋಂದಣಿ ಕಾರ್ಡಿನ ಜೊತೆ ಹೋಲಿಸಿ. ಟ್ರೇಲರ್‌ಗೆ ಬೇರೆ ಕಾಗದ ಇರುತ್ತೆ, ಅದನ್ನೂ ಕೇಳಿ.

ತುಂಗಾತೀರ | ಏಪ್ರಿಲ್ 11, ರಾತ್ರಿ 11:10

ಬೆಳಿಗ್ಗೆ ಏಳಕ್ಕೆ ಹೊರಟು ಈಗ ಮನೆ ಸೇರಿದೆ. ಎಲ್ಲಾ ಬರೀತೀನಿ.

ರಿವೆಟ್ ದೋಣಿ: ಮಾಲೀಕರು ನಿವೃತ್ತ ಮೇಷ್ಟ್ರು. ಚಳಿಗಾಲ ಗ್ಯಾರೇಜಿನಲ್ಲೇ ಇಡ್ತಿದ್ರಂತೆ. ಟ್ರಾನ್ಸಮ್ ಅಲುಗಲಿಲ್ಲ. ಗೇರ್ ಎಣ್ಣೆ ಶುದ್ಧ. ಮೋಟರಿನ ನೀರಿನ ಪಂಪು ಎರಡು ವರ್ಷದ ಹಿಂದೆ ಬದಲಾಯಿಸಿದ ಚೀಟಿ ಇದೆ. ನೀರು ಬಿಟ್ಟು ನೋಡಿದಾಗ ಕೀಲ್ (ತಳದ ನಡುಗೆರೆ) ಹತ್ತಿರ ನಾಲ್ಕು ರಿವೆಟ್ ಬೆವರಿದವು, ಅರ್ಧ ಗಂಟೆಗೆ ಕಾಗದದ ಮೇಲೆ ಅಂಗೈಯಗಲ ಒದ್ದೆ. ಮೇಷ್ಟ್ರೇ ಮಂಡಿಯೂರಿ ಕೂತು ಸೀಮೆಸುಣ್ಣದಲ್ಲಿ ನಾಲ್ಕಕ್ಕೂ ಗುರುತು ಹಾಕಿದರು. ಒಳಗಿನ ಆಳ 22 ಇಂಚು. ಮಧ್ಯದಲ್ಲಿ ಪೂರ್ತಿ ಖಾಲಿ ನೆಲ, ಎರಡು ಕುರ್ಚಿ ಕಿತ್ತು ಬೇಕಾದ ಕಡೆ ಹಾಕಬಹುದು.

ವೆಲ್ಡ್ ದೋಣಿ: ನೋಡೋಕೆ ಇದೇ ಚೆಂದ. ಒಳಗಿನ ಆಳ 23 ಇಂಚು. ಒಂದು ಹನಿ ಸೋರಲಿಲ್ಲ. ರೋಚೆಸ್ಟರ್ ಅವರು ಹೇಳಿದ ಹಾಗೆ ಟಾರ್ಚ್ ಹಿಡಿದೆ, ಕಂಡಷ್ಟರಲ್ಲಿ ಎಲ್ಲೂ ಗೆರೆ ಇಲ್ಲ. ಮೋಟರು ಮೊದಲ ಸಲಕ್ಕೇ ಶುರುವಾಯ್ತು. ಆದರೆ ಹೊದಿಕೆ ಹರಿದಿತ್ತು, ಮೂರು ಚಳಿಗಾಲ ಹೊರಗೇ ಇತ್ತಂತೆ.

ಇನ್ನು ತೂಕ. ಇಬ್ಬರೂ ಒಪ್ಪಿ ಹೆದ್ದಾರಿ ಪಕ್ಕದ ಲಾರಿ ತೂಕದ ಕಟ್ಟೆಗೆ ಎಳಕೊಂಡು ಬಂದರು. ಟ್ರೇಲರ್, ಒಂದು ಬ್ಯಾಟರಿ, ತಳದಲ್ಲಿ ಸ್ವಲ್ಪ ಪೆಟ್ರೋಲ್, ಬೇರೇನೂ ಇಲ್ಲ. ರಿವೆಟ್ ದೋಣಿ ಲೆಕ್ಕಕ್ಕೆ 1,430 ಬರಬೇಕಿತ್ತು, 1,460 ಬಂತು. ವೆಲ್ಡ್ ದೋಣಿ 1,635 ಬರಬೇಕಿತ್ತು. ಬಂದದ್ದು 1,840.

ಒಟ್ಟರ್‌ಟೇಲ್_ಕನ್ನಡಿಗ | ಏಪ್ರಿಲ್ 12, ಬೆಳಿಗ್ಗೆ 6:50

ಇದಕ್ಕೇ ತೂಕ ಹಾಕಿಸಿ ಅಂದದ್ದು.

ಅಮೆರಿಕದಲ್ಲಿ 20 ಅಡಿ ಒಳಗಿನ ಮೋಟರು ದೋಣಿಗಳಲ್ಲಿ ತೇಲಿಸೋ ಫೋಮ್ ಇರಬೇಕು ಅಂತ ನಿಯಮ. ದೋಣಿ ಪೂರ್ತಿ ನೀರು ತುಂಬಿಕೊಂಡರೂ ಮಗುಚದೆ ಮಟ್ಟವಾಗಿ ತೇಲಬೇಕು, ಜನ ಹಿಡಿದುಕೊಂಡಿರಬೇಕು. ಆ ಫೋಮ್ ಕೂರೋದು ನೆಲದ ಹಲಗೆ ಕೆಳಗೆ. ಹೊದಿಕೆ ಹರಿದು ಮಳೆನೀರು, ಹಿಮದ ನೀರು ಇಳಿದು, ಹರಿದುಹೋಗೋ ದಾರಿ ಕಸದಿಂದ ಕಟ್ಟಿಕೊಂಡರೆ ಫೋಮ್ ನೀರಿನಲ್ಲೇ ಕೂರುತ್ತೆ. ಚಳಿಗೆ ಹೆಪ್ಪುಗಟ್ಟಿ ಅದರ ಕಣಗಳು ಒಡೆದು ಇನ್ನಷ್ಟು ಹೀರುತ್ತೆ.

205 ಪೌಂಡ್ ಅಂದರೆ ಸುಮಾರು 93 ಲೀಟರ್ ನೀರು. ನೀವು ಒಬ್ಬ ಮನುಷ್ಯನನ್ನು ನೆಲದ ಕೆಳಗೆ ಮಲಗಿಸಿಕೊಂಡು ಹೋದ ಹಾಗೆ. ಆ ತೂಕಕ್ಕಿಂತ ನನಗೆ ಭಯ ಬೇರೆ. ನೀರು ಹೀರಿದ ಫೋಮ್ ಬೇಕಾದ ಹೊತ್ತಿಗೆ ತೇಲಿಸೋದಿಲ್ಲ.

ಧಾರವಾಡದಾಂವ | ಏಪ್ರಿಲ್ 12, ಬೆಳಿಗ್ಗೆ 9:15

ನಾ ಮೊದಲ ಹೇಳಿದ ಮಾತು ಹಿಂದ ತಗೋತೀನ್ರೀ. ಹನಿ ಸೋರೂದು ಕಣ್ಣಿಗಿ ಕಾಣತದ. ಇದು ಕಾಣಂಗಿಲ್ಲ. ಇದನ್ನ ಓದಿ ನಮ್ಮ ದೋಣಿ ಹೊದಿಕೆ ನೋಡಾಕ ಎದ್ದ ಹೋದೆ.

ಬೈಂದೂರು_ಬಲೆ | ಏಪ್ರಿಲ್ 12, ಮಧ್ಯಾಹ್ನ 2:30

ರಿವೆಟ್ ದೋಣಿಯೇ ತಗೊಳ್ಳಿ, ಆದರೆ ನನ್ನ ಮಾತು ಬದಲಾಗಲಿಲ್ಲ. 73 ಇಂಚಿನ ಟಿಲ್ಲರ್ ದೋಣಿಯಲ್ಲಿ ಐದು ಜನ ಮಿಲ್ ಲ್ಯಾಕ್ಸ್ ಬೇಡ. ದೋಣಿಯ ತಗಡಿನ ಮೇಲೆ ಎಷ್ಟು ಜನ, ಎಷ್ಟು ತೂಕ ಅಂತ ಬರೆದದ್ದು ಅಲೆಯಿಲ್ಲದ ನೀರಿನ ಲೆಕ್ಕ. ವಾಲ್‌ಐ ಹಿಡಿಯುವವರು ಹಿಮ್ಮುಖವಾಗಿ ನಿಧಾನ ಓಡಿಸ್ತಾರೆ, ಆಗ ಅಲೆ ನೇರ ಟ್ರಾನ್ಸಮ್ ಮೇಲಿಂದ ಒಳಗೆ ಬೀಳ್ತದೆ. ಗಾಳಿ ಗಂಟೆಗೆ 10 ಮೈಲಿ ದಾಟಿದರೆ ಹೊರಡುವುದಿಲ್ಲ ಅಂತ ಇಲ್ಲೇ ಬರೆದು ಕೊಡಿ.

ತುಂಗಾತೀರ | ಏಪ್ರಿಲ್ 12, ರಾತ್ರಿ 8:00

ಬರೆದು ಕೊಡ್ತೀನಿ. 10 ಮೈಲಿ ದಾಟಿದರೆ ಇಲ್ಲ. ಮಿಲ್ ಲ್ಯಾಕ್ಸ್‌ಗೆ ಮೂವರಿಗಿಂತ ಹೆಚ್ಚು ಇಲ್ಲ. ಓಡಿಸೋನು ಬಿದ್ದರೆ ಮೋಟರು ನಿಲ್ಲಿಸೋ ಕಿಲ್‌ಸ್ವಿಚ್ ಹಗ್ಗ ಮೈಗೆ ಸಿಕ್ಕಿಸದೆ ಹೊರಡೋದಿಲ್ಲ. ಅದು 2021ರಿಂದ ಅಮೆರಿಕದ ಫೆಡರಲ್ ಕಾನೂನು ಕೂಡ.

ಮೇಷ್ಟ್ರಿಗೆ ಫೋನ್ ಮಾಡಿದೆ. ನಾಲ್ಕು ರಿವೆಟ್ ಲೆಕ್ಕಕ್ಕೆ 300 ಬಿಟ್ಟು 8,600ಕ್ಕೆ ಕೊಟ್ಟರು. ಎರಡನೇ ದೋಣಿಯವರಿಗೂ ಮಾಡಿ ಫೋಮ್ ವಿಷಯ ಪೂರ್ತಿ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಅವರ ಮಕ್ಕಳೂ ಅದರಲ್ಲೇ ಹೋಗ್ತಿದ್ದರಂತೆ, ಸ್ವಲ್ಪ ಹೊತ್ತು ಮಾತಾಡಲಿಲ್ಲ ಪಾಪ.

ಒಂದು ಪ್ರಶ್ನೆ. ಮುಂದಿನ ಟ್ರೋಲಿಂಗ್ ಮೋಟರಿಗೆ 24 ವೋಲ್ಟ್ ಬೇಕಾ?

ರೋಚೆಸ್ಟರ್_ವೆಲ್ಡರ್ | ಏಪ್ರಿಲ್ 12, ರಾತ್ರಿ 9:20

ಬೇಡ. ಜನ, ಸಾಮಾನು ಸೇರಿ 100 ಪೌಂಡ್‌ಗೆ 2 ಪೌಂಡ್ ತಳ್ಳುಬಲ ಅನ್ನೋದು ರೂಢಿಯ ಲೆಕ್ಕ. ನಿಮ್ಮದು ತುಂಬಿದರೂ ಸುಮಾರು 1,800 ಪೌಂಡ್, 36 ಸಾಕು. ಗಾಳಿಗೆಂದು ಸ್ವಲ್ಪ ಹೆಚ್ಚಿರಲಿ, 12 ವೋಲ್ಟಿನ 55 ಪೌಂಡಿನದ್ದು ತಗೊಳ್ಳಿ. ಮಿನ್‌ಕೋಟಾ ಕಂಪನಿಯವರು ಇಂಥ ಮೋಟರನ್ನು ನಮ್ಮ ಮಿನೆಸೋಟಾದ ಮ್ಯಾನ್‌ಕೇಟೋದಲ್ಲೇ ಮಾಡ್ತಾರೆ.

ರಿವೆಟ್ ಬಡಿಯೋಕೆ ಭಾನುವಾರ ನಾನೇ ಬರ್ತೀನಿ. ಒಳಗೆ ಕಬ್ಬಿಣ ಹಿಡಿಯೋಕೆ ನಿಮ್ಮ 11 ವರ್ಷದ ಮಗ ಸಾಕು, ಕಿವಿಗೆ ರಕ್ಷಣೆ ಹಾಕಿಸಿ. ಇನ್ನೊಂದು, ಆ ವೆಲ್ಡ್ ದೋಣಿಯವರ ನಂಬರು ನನಗೆ ಖಾಸಗಿಯಾಗಿ ಕಳಿಸ್ತೀರಾ? ನೆಲ ಕಿತ್ತು ಹಳೇ ಫೋಮ್ ತೆಗೆದು ಹೊಸದು ಕೂರಿಸೋದು ನನ್ನ ಕೈಲಾಗೋ ಕೆಲಸ. ಮೈ ಚೆನ್ನಾಗಿದೆ ಅಂತೀರಿ, ಬಿಟ್ಟುಬಿಡೋಕೆ ಮನಸ್ಸು ಬರ್ತಿಲ್ಲ.

ತುಂಗಾತೀರ | ಜೂನ್ 21, ರಾತ್ರಿ 9:55

ಬರೆಯೋದು ತಡವಾಯ್ತು. ಮೇ ತಿಂಗಳ ವಾಲ್‌ಐ ಆರಂಭದ ದಿನ ಗಾಳಿ 18 ಮೈಲಿ ಇತ್ತು, ಹೊರಡಲಿಲ್ಲ. ಮಗ ಅತ್ತ. ಮುಂದಿನ ವಾರ ವಕೋನಿಯಾದಲ್ಲಿ ಇಳಿಸಿದೆವು. ನಾಲ್ಕು ರಿವೆಟ್‌ಗಳಲ್ಲಿ ಒಂದು ಹನಿ ಇಲ್ಲ. ಅದರಲ್ಲಿ ಎರಡು ತನ್ನವು ಅಂತ ಮಗ ಎಲ್ಲರಿಗೂ ತೋರಿಸ್ತಾನೆ.

ಅಪ್ಪ ಜೂನ್ 9ಕ್ಕೆ ಬಂದರು. ಇವತ್ತು ಬೆಳಿಗ್ಗೆ ಐದೂವರೆಗೆ ಮಿನೆಟೊಂಕಾ. ವಾರಾಂತ್ಯ ಒಂಬತ್ತಾದರೆ ದೊಡ್ಡ ದೋಣಿಗಳ ಅಲೆಗೆ ಅಲ್ಲಿ ನಿಲ್ಲೋಕಾಗಲ್ಲ. ಹೇಮಾವತಿ_ಮಗಳು ಅವರು ಹೇಳಿದ ಹಾಗೇ ಮಾಡಿದೆವು. ಕಟ್ಟೆ ಅಂಚಿಗೆ ಒಂದು ದಿಂಬು ಹಾಕಿ ಕೂರಿಸಿದೆ, ಹೆಂಡತಿ ದೋಣಿಯನ್ನು ಕಟ್ಟೆಗೆ ಒತ್ತಿ ಹಿಡಿದಳು. ಅಪ್ಪ ಎರಡೂ ಕಾಲು ನೆಲಕ್ಕೆ ಇಳಿಸಿ, ಕುರ್ಚಿ ಬೆನ್ನು ಹಿಡಿದು ಎದ್ದು ಕೂತರು. ಹರಿಗೋಲಿನ ಹಾಗೆ ತಿರುಗೋದಿಲ್ಲವಲ್ಲ ಇದು ಅಂದರು. ನಾನು ಹಿಂದೆ ಟಿಲ್ಲರ್ ಹಿಡಿದಿದ್ದೆ, ಅವರು ನನಗೆ ಎದುರಾಗಿ. ಕನ್ಸೋಲು ಇದ್ದಿದ್ದರೆ ಅವರ ಮುಖ ನನಗೆ ಕಾಣ್ತಿರಲಿಲ್ಲ.

ಏಳು ಸನ್‌ಫಿಷ್, ಒಂದು ಬಾಸ್. ಮಧ್ಯಾಹ್ನ ಕಡುಬು, ಮೀನು ಸಾರು. ಸಿಹಿನೀರಿನ ಮೀನಿಗೆ ಹುಳಿ ಸ್ವಲ್ಪ ಮುಂದಿರಬೇಕು ಅಂತ ಅಪ್ಪ ಸೊಸೆ ಜೊತೆ ವಾಟೆಹುಳಿ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಹೊರಡೋವಾಗ ಪ್ಲಗ್ ತೆಗೆದು, ನೀರೆಲ್ಲಾ ಇಳಿಸಿ, ಟ್ರೇಲರಿಗೆ ಸಿಕ್ಕಿದ ಜೊಂಡು ಕಿತ್ತು ಹಾಕಿದೆವು. ಕೆರೆ ಹಾಳುಮಾಡೋ ಜೀಬ್ರಾ ಮಸಲ್ ಚಿಪ್ಪು ಕೆರೆಯಿಂದ ಕೆರೆಗೆ ಹೋಗೋದು ಹೀಗೇ ಅಂತ ಅಪ್ಪನಿಗೆ ವಿವರಿಸಿದೆ. ಅಷ್ಟೊತ್ತಿಗೆ ಅವರೇ ಬಗ್ಗಿ ಒಂದೊಂದು ಎಳೆ ಹೆಕ್ಕುತ್ತಿದ್ದರು. ಪ್ಲಗ್‌ಗೆ ದಾರ ಕಟ್ಟಿ ಮೋಟರಿನ ಬೀಗದ ಕೈಗೆ ಸೇರಿಸಿದ್ದೇನೆ, ಮರೆತು ನೀರಿಗಿಳಿಸೋ ಹಾಗಿಲ್ಲ.

ರೋಚೆಸ್ಟರ್ ಅವರೇ, ನಿಮ್ಮ ಫೋಮ್ ಕೆಲಸ ಎಲ್ಲಿಗೆ ಬಂತು?

ರೋಚೆಸ್ಟರ್_ವೆಲ್ಡರ್ | ಜೂನ್ 22, ಬೆಳಿಗ್ಗೆ 6:05

6,500ಕ್ಕೆ ತಂದೆ. ನೆಲ ಕಿತ್ತಾಗ ಫೋಮ್ ಹಿಂಡಿದರೆ ಸ್ಪಂಜಿನ ಹಾಗೆ ನೀರು ಸುರೀತಿತ್ತು. ನೀರು ಹರಿಯೋ ದಾರಿಯಲ್ಲಿ ಪೈನ್ ಎಲೆ ಗಟ್ಟಿಯಾಗಿ ಕೂತಿತ್ತು, ಅಷ್ಟೇ ಕಾರಣ. ಬೆಸುಗೆ ಒಂದೂ ಬಿಟ್ಟಿಲ್ಲ. ಹೊಸ ಫೋಮ್ ಹಲಗೆಗಳನ್ನು ತಳದಿಂದ ಒಂದಿಂಚು ಮೇಲೆತ್ತಿ ಕೂರಿಸ್ತಾ ಇದ್ದೀನಿ, ಕೆಳಗೆ ನೀರು ಓಡಾಡಲಿ ಅಂತ. ಜುಲೈ ಎರಡನೇ ವಾರಕ್ಕೆ ಮುಗಿಯುತ್ತೆ. ಮುಗಿದ ಕೂಡಲೇ ಅದೇ ಲಾರಿ ತೂಕದ ಕಟ್ಟೆಗೆ ಎಳಕೊಂಡು ಹೋಗಿ ತೂಕ ಹಾಕಿಸಿ ಇಲ್ಲಿ ಬರೀತೀನಿ.